ಮಿಸ್ಡ್ ಕಾಲ್ ಬಂದ ಮೇಲೆ ಮೋಟರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲ್ ಹಿಂದಿನ ಪಂಪ್‌ಹೌಸಿನಲ್ಲಿ, ಸ್ಟಾರ್ಟರಿನ ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನೀರು ಬಿಡುವ ನೌಕರರೊಬ್ಬರು ನಿಂತಿದ್ದಾರೆ. ಗುಂಡಿ ಮಾತ್ರ ಒತ್ತುತ್ತಿಲ್ಲ. ಇನ್ನೊಂದು ಕೈಯಲ್ಲಿ ಮೊಬೈಲ್. ಮೇಲಿನ ಮಹಡಿಯಿಂದ ಯಾರೋ ಬಕೆಟ್ ಕುಕ್ಕಿ "ನೀರಣ್ಣಾ" ಎಂದು ಕೂಗುತ್ತಾರೆ. ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊಬೈಲ್ ಒಮ್ಮೆ ರಿಂಗಾಗಿ ಸುಮ್ಮನಾಗುತ್ತದೆ. ಆಗ ಗುಂಡಿ ಒತ್ತುತ್ತಾರೆ.

ಆ ಮಿಸ್ಡ್ ಕಾಲ್ ಹೆಂಡತಿಯದು. ಕ್ಯಾಂಪಸ್ಸಿನ ಹಿಂಗೋಡೆ ದಾಟಿದರೆ ಇಳಿಜಾರಿನಲ್ಲಿ, ಹಾಸ್ಟೆಲಿನವರೆಲ್ಲ ನೀರಣ್ಣ ಎಂದೇ ಕರೆಯುವ ಇವರ ಮನೆ, ಹಿತ್ತಲಲ್ಲಿ ಹಳೆಯ ಬಾವಿ. ಹಾಸ್ಟೆಲ್ಲಿಗೆ ಕೊಳವೆಬಾವಿ ಕೊರೆಸಿದ ಮೇಲೆ ಈ ಬಾವಿಯ ಉಸಿರು ಕಟ್ಟಿದೆ. ರಾತ್ರಿಯಿಡೀ ಒಸರಿದ ನೀರು ಬೆಳಗಿನ ಹೊತ್ತಿಗೆ ತಳದಲ್ಲಿ ಒಂದಿಷ್ಟು ನಿಂತಿರುತ್ತದೆ. ಇಲ್ಲಿ ಮೋಟರ್ ಹಾಕಿದರೆ ಅಲ್ಲಿ ಅದೂ ಇಳಿದುಹೋಗುತ್ತದೆ. ಹಾಗಾಗಿ ಆಕೆ ಕೊನೆಯ ಕೊಡ ಮೇಲೆಳೆದು ಫೋನ್ ಮಾಡಿ ಕಟ್ ಮಾಡುತ್ತಾರೆ. ಗಂಡ ಹೆಂಡಿರ ಈ ಒಳಒಪ್ಪಂದ ಇವತ್ತಿನವರೆಗೂ ಮೇಲಧಿಕಾರಿಗಳಿಗೆ ಗೊತ್ತಿಲ್ಲ. ಇದನ್ನು ಬರೆಯಬಹುದೇ ಎಂದು ನಾನು ಕೇಳಿದರೆ, ಇನ್ನು ಮುಚ್ಚಿಟ್ಟು ಆಗಬೇಕಾದ್ದೇನು ಎನ್ನುತ್ತಾರೆ.

"ನಮ್ಮನೆ ಬಾವಿ ಬತ್ತಿಸೋ ಕೆಲಸ ನಂದೇ. ಮನೆ ನಡೀತಿರೋದೂ ಅದರಿಂದಲೇ. ಯಾರನ್ನ ಬೈಲಿ?"

ಮೋಟರ್ ಹಾಕಿ ಮಹಡಿಗಳ ಮೇಲೊಂದು ಸುತ್ತು ಹೊರಡುತ್ತಾರೆ. ಬಿಸಿನೀರು ಬರುವ ತನಕ ತಣ್ಣೀರನ್ನು ಮೋರಿಗೆ ಬಿಟ್ಟು ಆರಾಮಾಗಿ ಹಲ್ಲುಜ್ಜುವವರು, ಒಂದೇ ಒಂದು ಪ್ಯಾಂಟಿಗೆ ವಾಷಿಂಗ್ ಮೆಷಿನ್ ತಿರುಗಿಸುವವರು, ಷವರಿನಡಿ ನಿಂತು ಲೋಕ ಮರೆತವರು. ಬೀಗ ಹಾಕಿದ ಕೋಣೆಯೊಳಗೆ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿದೆ. ಪರಿಸರ ದಿನಕ್ಕೆಂದು ವಿದ್ಯಾರ್ಥಿಗಳೇ ಬರೆದು ಅಂಟಿಸಿದ ಚಿತ್ರದ ಬಣ್ಣ, ಕೆಳಗಿನ ನಲ್ಲಿಯ ಎರಚಲಿಗೆ ಇಳಿದುಹೋಗಿದೆ. ನೀರಣ್ಣ ಒಂದೊಂದೇ ನಲ್ಲಿ ನಿಲ್ಲಿಸುತ್ತಾ ಮುಂದೆ ಹೋಗುತ್ತಾರೆ. ಹಿಂದಿನಿಂದ ಮತ್ತೊಂದು ತೆರೆದುಕೊಳ್ಳುತ್ತದೆ.

"ಕೆಟ್ಟ ಮಕ್ಕಳಲ್ಲ. ನಂಗೆ ಜ್ವರ ಬಂದಾಗ ಮಾತ್ರೆ ತಂದುಕೊಟ್ಟೋರು ಇವರೇ. ತಿರುಗಿಸಿದ್ರೆ ನೀರು ಬರತ್ತೆ, ಅಷ್ಟು ಗೊತ್ತು. ಎಲ್ಲಿಂದ ಬರತ್ತೆ ಅಂತ ನಾನೂ ಹೇಳಿಲ್ಲ."

ಹೇಳುವ ಬದಲು ಅವರು ಹೋದ ಬೇಸಿಗೆಯಲ್ಲಿ ಒಂದು ಉಪಾಯ ಮಾಡಿ ಕೈಸುಟ್ಟುಕೊಂಡರು. ಬಾವಿಯ ತಳದ ಕಲ್ಲು ಕಂಡಿತ್ತು. ನೀರು ಕಡಿಮೆ ಬಿಟ್ಟರೆ ಕಡಿಮೆ ಖರ್ಚಾಗುತ್ತದೆ ಎಂದುಕೊಂಡು, ಬೆಳಗ್ಗೆಯೇ ಗುಟ್ಟಾಗಿ ಹಾಸ್ಟೆಲಿನ ವಾಲ್ವ್ ಮುಚ್ಚಿದರು. ವಿದ್ಯಾರ್ಥಿಗಳು ನಲ್ಲಿಗಳನ್ನು ಪೂರ್ತಿ ತಿರುಗಿಸಿ ನೋಡಿದರು, ಗೊಣಗಿದರು, ಹಾಗೇ ಬಿಟ್ಟು ತರಗತಿಗೆ ಹೋದರು. ಮಧ್ಯಾಹ್ನ ಇವರು ವಾಲ್ವ್ ತೆರೆದು ಊಟಕ್ಕೆ ಹೋದರು. ಬಂದು ನೋಡಿದರೆ ಮೆಟ್ಟಿಲ ಮೇಲಿಂದ ನೀರು ಧೋ ಎಂದು ಇಳಿಯುತ್ತಿದೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಬರಿದಾದ ಟ್ಯಾಂಕ್ ತುಂಬಿಸಲು ಕತ್ತಲಾಗುವವರೆಗೆ ಮೋಟರ್ ಓಡಿಸಬೇಕಾಯಿತು.

ಮರುದಿನ ಮಿಸ್ಡ್ ಕಾಲ್ ಬರಲಿಲ್ಲ. ಖಾಲಿ ಕೊಡ ಹಿಡಿದು ಹೆಂಡತಿಯೇ ಬಂದರು.

"ಬೈದುಬಿಟ್ಟಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ನಲ್ಲಿ ಎಲ್ಲಿದೆ ಅಂತ ಕೇಳಿದ್ಲು, ಅಷ್ಟೇ." ಇಷ್ಟು ಹೇಳಿ ನೀರಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಒರೆಸುತ್ತಾರೆ. ಆ ಸಂಕಟ ಇನ್ನೂ ಆರಿಲ್ಲ.

ಬರುವ ವಾರ ಪಂಪ್‌ಹೌಸಿಗೆ ಹೊಸ ಯಂತ್ರ ಬರಲಿದೆ. ಟ್ಯಾಂಕಿನ ನೀರು ಇಳಿದರೆ ತಾನೇ ಮೋಟರ್ ಹಾಕುತ್ತದೆ, ತುಂಬಿದರೆ ತಾನೇ ನಿಲ್ಲಿಸುತ್ತದೆ. ಉಕ್ಕಿ ಹರಿದು ಹಾಳಾಗುವ ನೀರು ಇದರಿಂದ ಉಳಿಯುತ್ತದೆ ಎಂಬುದು ಆಡಳಿತದವರ ಮಾತು, ಅದು ಸುಳ್ಳೂ ಅಲ್ಲ. ನೀರಣ್ಣನ ನೌಕರಿಗೂ ಸಂಚಕಾರವಿಲ್ಲ, ನಲ್ಲಿ ರಿಪೇರಿಗೆ ಅವರು ಬೇಕೇ ಬೇಕು. ಆದರೆ ಇನ್ನು ಮುಂದೆ ಬೆಳಗ್ಗೆ ಮೇಲೆ ಒಬ್ಬರು ನಲ್ಲಿ ತಿರುಗಿಸಿದರೆ ಸಾಕು, ಯಾರ ಫೋನಿಗೂ ಕಾಯದೆ ಮೋಟರ್ ಓಡುತ್ತದೆ.

ಮನೆಯಲ್ಲಿ ಹೇಳಿದ್ದೀರಾ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ.

"ಹೇಳೋಕೆ ಬಾಯಿ ಬಂದಿಲ್ಲ. ಮಿಷನ್ ಬಂದಮೇಲೂ ಅವಳು ಫೋನ್ ಮಾಡ್ತಾಳೆ, ನೋಡಿ. ನಂಗೆ ದೊಡ್ಡ ಆಸೆ ಏನಿಲ್ಲ. ಬೆಳಗ್ಗೆ ಹೊತ್ತು ಒಂಚೂರು ಕಾಯೋದನ್ನ ಯಾರಾದ್ರೂ ಆ ಮಿಷನ್‌ಗೆ ಕಲಿಸಿಕೊಟ್ರೆ ಸಾಕು. ಅವಳು ಕೊಡ ಎತ್ತೋ ತನಕ."