ಇಬ್ಬರೇ ಮತದಾರರು

ಹಿಲ್ಮರ್ ವೆಂಜೆಲ್ ಕೈ ಕುಲುಕಿದನೆಂದರೆ ಮಾತು ಮುಗಿದ ಹಾಗೆ. ಟೆಕ್ಸಸ್ಸಿನ ನಮ್ಮ ಸುಣ್ಣಕಲ್ಲಿನ ಗುಡ್ಡಗಳಲ್ಲಿ ದನದ ವ್ಯಾಪಾರವೂ ಬೇಲಿಯ ತಕರಾರೂ ಹಾಗೇ ತೀರುತ್ತಿದ್ದವು. ಕಾಗದ ಕೇಳುವವನನ್ನು ಅರ್ಧ ಕಳ್ಳನೆಂದೇ ತಿಳಿಯುತ್ತಿದ್ದರು.

ನಲವತ್ತೊಂದು ವರ್ಷ ಅವನು ಪರರ ಜಮೀನಿನಲ್ಲಿ ಬೇಲಿ ಕಟ್ಟಿದ. ಇದ್ದ ಮನೆಯೂ ಧಣಿಯದೇ. ಆದರೆ ಮನೆಯ ಹಿಂದೆ ಬಂಡೆಯಡಿ ಉಕ್ಕುತ್ತಿದ್ದ ಒರತೆಯನ್ನು ಅವನು ಸ್ವಂತದ್ದೆಂದೇ ನೋಡಿಕೊಂಡ. ದನ ಇಳಿಯದಂತೆ ಸುತ್ತ ಕಲ್ಲಿನ ಗೋಡೆ ಕಟ್ಟಿದ್ದ, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಳೆತ ಎಲೆ ಬಾಚುತ್ತಿದ್ದ. ಅವನ ಹೆಂಡತಿ ಆಲ್ವಿನಾ ಕಾಫಿ ಮಾಡುತ್ತಿದ್ದುದು ಆ ನೀರಿನಲ್ಲೇ. ಚರ್ಚಿನಲ್ಲಿ ಕೊಟ್ಟ ಕಾಫಿಗೆ ಸೋಪಿನ ರುಚಿಯಿದೆ ಎಂದು ಪಾದ್ರಿಯ ಮುಖಕ್ಕೇ ಹೇಳಿದವಳು ಅವಳು.

ಧಣಿ ಸತ್ತ. ಮಕ್ಕಳು ಜಮೀನನ್ನು ಮನೆ ಕಟ್ಟಿ ಮಾರುವ ಕಂಪನಿಗೆ ಕೊಟ್ಟರು. ಅಲ್ಲಿಗೆ ಕೊಳವೆ, ಚರಂಡಿ, ರಸ್ತೆ ಬೇಕಲ್ಲ? ಅದಕ್ಕೆ ಕಂಪನಿ ತನ್ನ ಜೇಬಿಗೆ ಕೈ ಹಾಕಬೇಕಿಲ್ಲ. ಆ ಜಾಗಕ್ಕೆಂದೇ ಒಂದು ಸರ್ಕಾರಿ ಜಲಮಂಡಳಿ ಮಾಡಿ, ಅದರ ಹೆಸರಿನಲ್ಲಿ ಸಾಲವೆತ್ತಿದರಾಯಿತು. ಮುಂದೆ ಮನೆ ಕೊಂಡವರು ತೆರಿಗೆಯಲ್ಲಿ ತೀರಿಸುತ್ತಾರೆ. ಆದರೆ ಈಗ ಅಲ್ಲಿ ವಾಸವಿರುವ ಮತದಾರರು ಒಪ್ಪಬೇಕು. ಅಷ್ಟು ದೊಡ್ಡ ಜಮೀನಿನಲ್ಲಿ ಮತದಾರರು ಇಬ್ಬರೇ, ಹಿಲ್ಮರ್ ಮತ್ತು ಆಲ್ವಿನಾ.

ಕಂಪನಿಯವನು ಮನೆಗೇ ಬಂದ. ಆಲ್ವಿನಾಳಿಗೆ ಆಗಲೇ ಹೊಟ್ಟೆಯ ಕ್ಯಾನ್ಸರ್ ಹಿಡಿದಿತ್ತು.

"ಹೌದು ಅಂತ ಓಟು ಹಾಕಿ, ಮಿಸ್ಟರ್ ವೆಂಜೆಲ್. ನಿಮ್ಮಿಬ್ಬರಲ್ಲಿ ಒಬ್ಬರು ಬದುಕಿರೋವರೆಗೂ ಈ ಮನೆಗೆ ನಾವು ಕೈ ಹಚ್ಚಲ್ಲ. ಇಲ್ಲಾಂದ್ರೆ ಖಾಲಿ ಮಾಡಬೇಕಾಗುತ್ತೆ."

ಹಿಲ್ಮರ್ ಹೆಂಡತಿಯ ಮುಖ ನೋಡಿ ಕೈ ಕುಲುಕಿಬಿಟ್ಟ.

"ತಲೇಲಿ ಹುಲ್ಲು ತುಂಬಿದ್ಯೇನೋ ನಿಂಗೆ?" ಎಂದು ಆಲ್ವಿನಾ ಹರಿಹಾಯ್ದಳು. "ಒರತೆ ನೆತ್ತಿ ಮೇಲೆ ಮನೆ ಕಟ್ತಾರಂತೆ, ಇವನು ಕೈ ಕುಲುಕ್ತಾನಂತೆ! ನಾನಂತೂ ಬೇಡ ಅಂತಾನೇ ಹಾಕೋದು."

ಒಳಗೊಳಗೇ ಹಿಲ್ಮರನಿಗೆ ಹಾಯೆನಿಸಿತ್ತು. ಒಂದು ಹೌದು, ಒಂದು ಬೇಡ. ಸಮಸಮವಾದರೆ ಗೊತ್ತುವಳಿ ಬಿದ್ದುಹೋಗುತ್ತದೆ. ತನ್ನ ಮಾತೂ ಉಳಿಯಿತು, ಒರತೆಯೂ ಉಳಿಯಿತು. ಸೂರು ಇನ್ನೆಲ್ಲಾದರೂ ಸಿಕ್ಕೀತು ಎಂದುಕೊಂಡ. ಇದನ್ನು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಕೈ ಕುಲುಕಿ ಮೋಸ ಮಾಡಿದಂತಾಗುತ್ತದಂತೆ! ಮರ್ಯಾದಸ್ಥನ ಲೆಕ್ಕಾಚಾರ.

ನವೆಂಬರಿನಲ್ಲಿ ಅವರ ಮನೆಯ ಮುಂದಿನ ಓಕ್ ಮರದಡಿಯೇ ಮತಗಟ್ಟೆ. ಚುನಾವಣೆಯ ಗುಮಾಸ್ತೆ ನಾನು. ಹಿಲ್ಮರ್ ಮತ ಹಾಕಿ ಬೇಲಿ ಕೆಲಸಕ್ಕೆ ಹೋದ. ಆಲ್ವಿನಾ ಕೋಲೂರಿಕೊಂಡು ಬಂದು, ಚೀಟಿ ಹಿಡಿದು ನನ್ನ ಪಕ್ಕದಲ್ಲಿ ಕೂತಳು.

"ಡೋರಿಸ್, ನಾನಿನ್ನು ಎಷ್ಟು ದಿನವೇ? ಆಮೇಲೆ ಈ ಮುದುಕ ಎಲ್ಲಿಗೆ ಹೋಗ್ತಾನೆ? ಅವನಿಗೊಂದು ಸೂರಾದ್ರೂ ಇರಲಿ. ಅವನಿಗೆ ಹೇಳ್ಬೇಡ, ಕೊರಗ್ತಾನೆ."

ಸಂಜೆ ಪೆಟ್ಟಿಗೆ ತೆರೆದೆ. ಹೌದು ಎರಡು. ಬೇಡ ಸೊನ್ನೆ.

"ಇನ್ನೊಂದ್ಸಲ ನೋಡು," ಎಂದ ಹಿಲ್ಮರ್.

"ಇರೋದೇ ಎರಡು ಕಣಯ್ಯ."

ಜನವರಿಯಲ್ಲಿ ಬಂಡೆಗೆ ಸಿಡಿಮದ್ದಿಟ್ಟರು. ಒರತೆಯ ನೀರು ಸುಣ್ಣ ಕಲಸಿದ ನೀರಿನಂತೆ ಬಿಳುಪಾಯಿತು. ಹಾಸಿಗೆ ಹಿಡಿದ ಆಲ್ವಿನಾ ಒರತೆಯ ನೀರು ಕೇಳಿದಾಗ ಹಿಲ್ಮರ್ ಅಂಗಡಿಯ ಬಾಟಲಿ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ. ಅವಳು ಒಂದು ಗುಟುಕು ಕುಡಿದು, "ಚೆನ್ನಾಗಿದೆ," ಎಂದಳು. ಪಾದ್ರಿಯನ್ನೇ ಬಿಡದ ನಾಲಗೆಗೆ ಗೊತ್ತಾಗದೆ ಇದ್ದೀತೇ? ಫೆಬ್ರವರಿಯಲ್ಲಿ ತೀರಿಕೊಂಡಳು.

ಈಗ ಅಲ್ಲಿ ಆರುನೂರು ಮನೆಗಳಿವೆ. ಮಳೆ ನೆಲಕ್ಕಿಳಿಯದೆ ಟಾರಿನ ಮೇಲೆ ಹರಿದುಹೋಗುತ್ತದೆ. ಒರತೆ ಬತ್ತಿ ಮೂರು ವರ್ಷವಾಯಿತು. ಕಂಪನಿ ಮಾತ್ರ ಕೊಟ್ಟ ಮಾತು ತಪ್ಪಲಿಲ್ಲ; ಹಿಲ್ಮರ್ ಅದೇ ಮನೆಯಲ್ಲಿದ್ದಾನೆ.

ಮೊನ್ನೆ ಬ್ರೆಡ್ಡು ಕೊಡಲು ಹೋಗಿದ್ದೆ. ಎಂದೂ ಬಾಯಿ ಬಿಡದವನು ಅಂದು ಮಾತಾಡಿದ, ತನ್ನ ಸಮಸಮದ ಲೆಕ್ಕವನ್ನೂ ಹೇಳಿದ.

"ತನ್ನ ಹಾಸಿಗೇಲೇ ಸಾಯೋ ಆಸೆಗೆ ಅವಳು ಒರತೆ ಬಿಟ್ಟುಕೊಟ್ಲು, ಡೋರಿಸ್. ನನಗೆ ಇನ್ನೂ ಕ್ಷಮಿಸೋಕಾಗಿಲ್ಲ."

ಆಣೆಯಿಟ್ಟವಳಂತೆ ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಂದು ಮರದಡಿ ಅವಳು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವನು ಬ್ರೆಡ್ಡನ್ನು ಮೇಜಿನ ಮೇಲಿಟ್ಟ.

"ಓಟಿನ ದಿನದಿಂದ ಅವಳು ಸಾಯೋವರೆಗೂ," ಎಂದ, "ನಾನು ಅವಳ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ ಕಣೇ."