ಯಾಳ್ಪಾಣಕ್ಕೆ ಹೊರಟ ಹಾಸುಬಟ್ಟೆ

ಕೊಯಮತ್ತೂರಿನ ಬಸ್ಸು ದಿಂಬಂ ಘಾಟಿ ಇಳಿಯುವಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಚಾಲಕನೂ ಹಾಗೆಯೇ ಕುಳಿತಿರಬಹುದೆಂಬ ಅನುಮಾನ ಬಂದಾಗ ಒಮ್ಮೆ ತೆರೆದು ನೋಡಿದೆ. ಅವನು ಬೀಡಿ ಹಚ್ಚುತ್ತಿದ್ದ. ಮತ್ತೆ ಮುಚ್ಚಿಕೊಂಡೆ.

ಎಂಬತ್ತರ ದಶಕದ ಕೊನೆ. ಲಂಕೆಯ ಯಾಳ್ಪಾಣ, ಅಂದರೆ ಜಾಫ್ನಾದ ಕಡೆ ಗುಂಡಿನ ಸದ್ದು ತಗ್ಗಿ, ಜನ ಮನೆಗಳಿಗೆ ಮರಳುತ್ತಿದ್ದ ಸಮಯ. ಮೈಸೂರಿನ ನಮ್ಮ ಪರಿಹಾರ ಸಮಿತಿ ಅಲ್ಲಿಗೆ ಒಂದು ಲಾರಿ ಸಾಮಾನು ಕಳಿಸಲು ನಿರ್ಧರಿಸಿತ್ತು. ಕೊಯಮತ್ತೂರಿನಿಂದ ಬಾವಿಗೆ ಪಂಪುಗಳು, ಸೋಮನೂರಿನಿಂದ ಆಸ್ಪತ್ರೆಗೆ ಹಾಸುಬಟ್ಟೆ, ಮಡತ್ತುಕುಳದಿಂದ ಬಿತ್ತನೆಯ ಸಣ್ಣ ಈರುಳ್ಳಿ. ಅಲ್ಲಿಂದ ತೂತ್ತುಕುಡಿಗೆ ಹೋಗಿ ದೋಣಿ. ಸಭೆಯಲ್ಲಿ ಅತಿ ಹೆಚ್ಚು ಅನುಮಾನ ಎತ್ತಿದವನು ನಾನು. ‘ಹಾಗಾದರೆ ನೀವೇ ಹೋಗಿ ಬಗೆಹರಿಸಿಕೊಂಡು ಬನ್ನಿ’ ಎಂದರು.

ಕೊಯಮತ್ತೂರು ತಲುಪಿದ ಮರುದಿನ ಬೆಳಿಗ್ಗೆ ಪಂಪುಗಳು ಲಾರಿ ಏರಿದವು. ಜೊತೆಗೆ ಮಲರ್ ಎಂಬ ನರ್ಸ್ ಬಂದರು. ಯುದ್ಧದ ದಿನಗಳಲ್ಲಿ ಕೊಯಮತ್ತೂರಿನ ನೆಂಟರ ಮನೆ ಸೇರಿದ್ದ ಆಕೆ ಈಗ ಅದೇ ದೋಣಿಯಲ್ಲಿ ಯಾಳ್ಪಾಣದ ತಮ್ಮ ಆಸ್ಪತ್ರೆಗೆ ಮರಳುವವರಿದ್ದರು. ಅಲ್ಲಿಯ ತಮಿಳಿನ ರೂಢಿಯಂತೆ ಹೌದು ಎನ್ನುವುದಕ್ಕೆ ‘ಓಂ’ ಎನ್ನುತ್ತಿದ್ದರು. ನನ್ನಂಥ ಪುಕ್ಕಲನಿಗೆ ಪಯಣದುದ್ದಕ್ಕೂ ಅದು ಧೈರ್ಯ ಕೊಟ್ಟಿತು.

ಅಂದು ಅಮಾವಾಸ್ಯೆ. ಬೇರೆ ದಿನ ಹೊರಡೋಣವೆಂದು ನಾನು ಅಂಗಲಾಚಿದ್ದೆ. ಲಾರಿ ಚಾಲಕ ಪಳನಿಸಾಮಿ ನಕ್ಕುಬಿಟ್ಟಿದ್ದ. “ಅಮಾವಾಸೈ ರೊಂಬ ನಲ್ಲ ನಾಳುಂಗ ಸಾರ್!” ತಮಿಳು ಸೀಮೆಯಲ್ಲಿ ಅದು ಶುಭದಿನ. ಮರುದಿನ ಮಧ್ಯಾಹ್ನಕ್ಕೆ ದೋಣಿ ಬಿಡುವುದರಿಂದ ನನ್ನ ಪಂಚಾಂಗಕ್ಕೆ ಬೆಲೆಯೂ ಇರಲಿಲ್ಲ.

ಸೋಮನೂರು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ ಎಂದು ಕೇಳಿದ್ದೆ. ಮನೆಮಾತು ಕನ್ನಡವಾದ ನೇಕಾರ ರಂಗಸಾಮಿಯವರ ಬೀದಿಯಲ್ಲಿ ಕಿವಿಗೆ ಸಿಕ್ಕಿದ್ದು ಒಂದು ಕಾಗೆ ಮಾತ್ರ. ವಿದ್ಯುತ್ ಮಗ್ಗದ ಶೆಡ್ಡುಗಳಿಗೆಲ್ಲ ಬೀಗ. ರಂಗಸಾಮಿ ಎಣ್ಣೆ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಓಡಿಬಂದರು.

“ಏನುಂಗ, ಇವತ್ತೇ ಬಂದ್ಬುಟ್ರಿ? ಅಮಾಸೆ ಅಲ್ವಾ! ನಮ್ ಚೌಡಮ್ಮನ ದಿನ, ತರಿ ಓಡಾದಿಲ್ಲ.” ತರಿ ಎಂದರೆ ಮಗ್ಗ. “ಮೈಸೂರೋರು ಅಮಾಸೆಲಿ ಪಯಣ ಹೊರಡಾದಿಲ್ಲ, ಲಾರಿ ನಾಳೆತಾನ್ ಬರ್ತದೆ ಅಂತ ನಾನೇ ಕಣಕ್ಕು ಹಾಕ್ದೆ.”

ನಮ್ಮನ್ನು ಇಷ್ಟು ಸರಿಯಾಗಿ ಲೆಕ್ಕ ಹಾಕಿದವರಿಂದಲೇ ಕೆಟ್ಟೆವು. ಹಾಸುಬಟ್ಟೆಯ ಮೂರನೇ ಒಂದು ಪಾಲು ಇನ್ನೂ ಮಗ್ಗದ ಮೇಲಿತ್ತು.

“ಇದ್ದಷ್ಟು ಹೇರಿಕೊಂಡು ಹೋಗೋಣ,” ಎಂದೆ.

“ಇಲ್ಲ ಐಯಾ,” ಎಂದು ಮಲರ್ ಜಗಲಿಯ ಮೇಲೆ ಕುಳಿತರು. ಕೂತ ರೀತಿಯಲ್ಲೇ ಏಳುವ ಅಂದಾಜಿಲ್ಲವೆಂದು ಗೊತ್ತಾಯಿತು.

ರಂಗಸಾಮಿಯ ತಾಯಿ ದೇವಕ್ಕ ಮಜ್ಜಿಗೆ ತಂದು, ಬಟ್ಟೆ ಯಾರಿಗೆಂದು ತಮಿಳಿನಲ್ಲಿ ವಿಚಾರಿಸಿದರು. ಮಲರ್ ಹೇಳಿದರು: “ಮಂಚಗಳು ಉಳಿದಿವೆ ಆಚ್ಚಿ. ಇದ್ದ ಬಟ್ಟೆಯನ್ನೆಲ್ಲ ಹರಿದು ಗಾಯಗಳಿಗೆ ಕಟ್ಟಿದೆವು. ಈಗ ಹೆರಿಗೆಗೆ ಬಂದವರು ಬರೀ ಕಬ್ಬಿಣದ ಮೇಲೆ ಮಲಗುತ್ತಾರೆ.”

ಮುದುಕಿ ಮಜ್ಜಿಗೆಯ ಚೊಂಬು ಕೆಳಗಿಟ್ಟು ಪಕ್ಕದಲ್ಲೇ ಕುಳಿತರು. ಇದೇ ಸಮಯವೆಂದು ನಾನು ಬಾಯಿ ಹಾಕಿದೆ. “ಅರ್ಧ ದಿನ ಮಗ್ಗ ಓಡಿಸಿದರೆ ದೇವಿ ಮನ್ನಿಸುವುದಿಲ್ಲವೇ?”

“ಯಾಕಪ್ಪಾ, ಮೈಸೂರಾಗೆ ಅಮಾಸೆ ಬರಾದಿಲ್ವಾ? ಅವ್ಳು ಮನ್ನಿಸ್ತಾಳೆ. ನಾನು ಮನ್ನಿಸಾದಿಲ್ಲ.” ಆಮೇಲೆ ದೇವಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದರು. “ಡೇ ರಂಗಾ, ಇವತ್ತು ನೇಯಾದಿಲ್ಲ, ವಿಲೆಗೂ ಕೊಡಾದಿಲ್ಲ. ಸುಮ್ನೆ ಕೊಡಾಕೆ ಯಾವ ಸಾಸ್ತ್ರ ಅಡ್ಡ ಬರ್ತದೆ? ನಡೀ.”

ಬೀದಿಯ ಪ್ರತಿ ಮನೆಯಲ್ಲೂ ಈರೋಡು ಸಂತೆಗೆಂದು ಮಡಿಸಿಟ್ಟ ಬಟ್ಟೆಯಿತ್ತು. ದೇವಕ್ಕ ಬಾಗಿಲಲ್ಲೇ ನಿಂತು ಕೂಗುತ್ತಿದ್ದರು, ನಾವು ಹಿಂದೆ ಹೊರುತ್ತಿದ್ದೆವು. ಮಾರಪ್ಪ ಎಂಬಾತ ಅಂಚು ಕಿತ್ತ ತುಂಡೊಂದನ್ನು ತಂದ.

“ಏ ಮಾರಾ, ಇದ್ರ ಮೇಲೆ ನಿನ್ ಹೆಂಡ್ತಿ ಮಲಗ್ತಾಳಾ?”

ಒಳಗಿನಿಂದ ಅವನ ಹೆಂಡತಿಯ ದನಿ ಬಂತು: “ಅತ್ತೇ, ಅದನ್ನ ಅವರೇ ಹಾಸ್ಕೊಳ್ಳಲಿ, ಇನ್ನೊಂದು ತರ್ತೀನಿ!” ಬೀದಿಯೆಲ್ಲ ನಕ್ಕಿತು. ಮಾರಪ್ಪ ಎರಡು ಹೊಸ ಹಾಸುಗಳನ್ನು ಹೊತ್ತು ಹೊರಬಂದ.

ಗಂಟುಗಳು ಬೆಳೆದಂತೆ ನನ್ನ ಚಿಂತೆಯೂ ಬೆಳೆಯಿತು. ಸಮಿತಿ ಹೇಳಿದ್ದು ಬಿಳಿ. ಇಲ್ಲಿ ಬಂದದ್ದು ಕೆಂಪು ಚೌಕಳಿ, ಹಸಿರು ಪಟ್ಟೆ, ಮಾವಿನ ಹಣ್ಣಿನ ಹಳದಿ. ಮಲರ್‌ಗೆ ಹೇಳಿಕೊಂಡೆ.

“ಕೆಂಪಿನ ಮೇಲೆ ರಕ್ತ ಕಡಿಮೆ ಕಾಣುತ್ತದೆ ಐಯಾ. ಹೆದರಿ ಬರುವವರಿಗೆ ಅದೇ ಒಳ್ಳೆಯದು.”

ಕೆಂಪು ಗಂಟುಗಳನ್ನು ನಾನೇ ಲಾರಿಗೆ ಎತ್ತಿಟ್ಟೆ. ದೇವಕ್ಕನ ಮನೆಯಲ್ಲೇ ಅಕ್ಕಿ-ಬೇಳೆಯ ಬಿಸಿ ಅನ್ನಕ್ಕೆ ತುಪ್ಪ ಸುರಿದುಕೊಂಡು ಉಂಡು ಹೊರಟೆವು. ಪಲ್ಲಡಂ ದಾಟಿ ಉಡುಮಲೈ ಸೇರುವವರೆಗೂ ಅಡ್ಡಗಾಳಿ. ಹಗ್ಗ ಸಡಿಲವಾಯಿತೆಂದು ನಾನು ಲಾರಿ ನಿಲ್ಲಿಸಿದ್ದು ಮೂರು ಸಲ. ಮೂರು ಸಲವೂ ಹಗ್ಗ ಗಟ್ಟಿಯಾಗಿತ್ತು, ಸಡಿಲವಾದದ್ದು ಪಳನಿಸಾಮಿಯ ತಾಳ್ಮೆ.

ಮಡತ್ತುಕುಳದಲ್ಲಿ ನಂಜಪ್ಪ ಗೌಡರು ಕಾಯುತ್ತಿದ್ದರು. ತಲೆಮಾರುಗಳಿಂದ ಅಮರಾವತಿ ನದಿಯ ನೀರಿನಲ್ಲಿ ಬೇಸಾಯ ಮಾಡಿಕೊಂಡು ಬಂದ ಕನ್ನಡದ ಮನೆ. ಹೇಳಿದ್ದಕ್ಕಿಂತ ಹೆಚ್ಚು ಈರುಳ್ಳಿ ಚೀಲ ಕೊಟ್ಟರು. ಚೀಲಗಳ ಮೇಲೆ ಬಟ್ಟೆ ಗಂಟು ಇಡಲು ಹೋದರೆ ಕೈ ಅಡ್ಡ ಹಿಡಿದರು.

“ಬ್ಯಾಡಿ ಸಾಮಿ. ಗಾಳಿ ಕಟ್ಟಿದ್ರೆ ಬೀಜ ಬೆವರ್ತದೆ. ಅವ್ರು ಕೊಳೆತದ್ದ ಬಿತ್ತಬೇಕಾ?”

ಹಿಂದೆಲ್ಲ ಭರ್ತಿ. ಲಾರಿಯ ನೆತ್ತಿಗೆ ಕಟ್ಟೋಣವೆಂದರೆ ಪಳನಿ ಬೆಟ್ಟದ ಕಡೆ ಕಪ್ಪು ಮೋಡ. ಉಳಿದ ಎರಡು ಗಂಟುಗಳು ರಸ್ತೆಯ ಪಕ್ಕ ಕುಳಿತಿದ್ದವು. ಪಳನಿಸಾಮಿ ಮುಂದಿನ ಸೀಟು ನೋಡಿದ, ನನ್ನನ್ನು ನೋಡಿದ. “ಒಂದೋ ಅದು ಸಾರ್, ಒಂದೋ ನೀವು.”

ದೋಣಿಗೆ ಸಾಮಾನು ಹತ್ತಿಸಿ ಬರುವುದು ನನ್ನ ಹೊಣೆ. ದಾರಿಯಲ್ಲಿ ಟೈರು ಒಡೆದರೆ, ಬಂದರಿನಲ್ಲಿ ತಡೆದರೆ, ಮಳೆ ಹಿಡಿದರೆ ಎಂದೆಲ್ಲ ಲೆಕ್ಕ ಹಾಕಿದೆ. ನಾನು ಜೊತೆಗಿದ್ದರೆ ಇವುಗಳಲ್ಲಿ ಯಾವುದನ್ನು ತಡೆದೇನು ಎಂದೂ ಯೋಚಿಸಿದೆ. ಯಾವುದನ್ನೂ ಇಲ್ಲ. ಬಟ್ಟೆಯಾದರೆ ಯಾರದಾದರೂ ಬೆನ್ನಿಗಾಗುತ್ತದೆ.

ಕಾಗದಪತ್ರಗಳನ್ನು ಮಲರ್ ಕೈಗೆ ಕೊಟ್ಟು ನನ್ನ ಚೀಲ ಇಳಿಸಿಕೊಂಡೆ. “ದೋಣಿಯವರು ತಕರಾರು ಮಾಡಿದರೆ?” ಎಂದು ಕೇಳದೆ ಇರಲಾಗಲಿಲ್ಲ.

“ಸೋಮನೂರಿನ ಜಗಲಿಯಲ್ಲಿ ಕೂತ ಹಾಗೇ ದೋಣಿಯಲ್ಲೂ ಕುಳಿತುಕೊಳ್ಳುತ್ತೇನೆ ಐಯಾ,” ಎಂದರು.

ಲಾರಿ ಪಳನಿ ರಸ್ತೆಗೆ ತಿರುಗಿತು. ನಾನು ಕೂತು ಬೆವರಿದ್ದ ಜಾಗದಲ್ಲಿ ಕೆಂಪು ಚೌಕಳಿಯ ಗಂಟುಗಳೆರಡು ಒಂದರ ಮೇಲೊಂದು ಏರಿ, ಕಿಟಕಿಯಿಂದಾಚೆ ಇಣುಕುತ್ತಿದ್ದವು. ಹಳ್ಳವೊಂದರಲ್ಲಿ ಲಾರಿ ಎಗರಿದಾಗ ಮಲರ್ ಅವುಗಳ ಸುತ್ತ ತೋಳು ಹಾಕಿ ಬಿಗಿಯಾಗಿ ಹಿಡಿದುಕೊಂಡದ್ದು ಕಾಣಿಸಿತು.