ತಿಕ್ಕಿ ಸವೆದ ರೂಪಾಯಿ

ಅತ್ತೆ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಜಗಳವಾದದ್ದು ಸೈಟಿಗಲ್ಲ, ಒಡವೆಗಲ್ಲ, ಬ್ರಿಟಿಷರ ಕಾಲದ ಒಂದು ಬೆಳ್ಳಿ ರೂಪಾಯಿಗೆ. ಅದು ದೇವರ ಮನೆಯಲ್ಲಿ ಲಕ್ಷ್ಮಿ ಪಟದ ಮುಂದೆ ಇರುತ್ತಿತ್ತು. ಅತ್ತೆ ಅದನ್ನು ರಾಣಿ ರೂಪಾಯಿ ಎನ್ನುತ್ತಿದ್ದರು. ಅಂಥದ್ದಕ್ಕೆ ಈಗ ಲಕ್ಷಗಟ್ಟಲೆ ಬೆಲೆ ಎಂದು ಉತ್ತರಹಳ್ಳಿಯಲ್ಲಿದ್ದ ನನ್ನ ಓರಗಿತ್ತಿಯ ತಲೆಗೆ ಯಾರೋ ತುಂಬಿದ್ದರು. ಇಟ್ಟಮಡುವಿನಲ್ಲಿ ಅತ್ತೆಯ ಜೊತೆಗಿದ್ದವಳು ನಾನಾದ್ದರಿಂದ, ಅದನ್ನು ನುಂಗಿಹಾಕಲು ನಾನು ನೋಡುತ್ತಿದ್ದೇನೆ ಎಂದು ನೆಂಟರ ಮನೆಗಳಲ್ಲೆಲ್ಲ ಮಾತಾಯಿತು. ನನಗೆ ಆ ನಾಣ್ಯದ ಆಸೆಯೇನೂ ಇರಲಿಲ್ಲ. ಆದರೆ ಕಳ್ಳಿ ಎನಿಸಿಕೊಂಡು ಅದೇ ಮನೆಯಲ್ಲಿ ಬಾಳುವುದು ನನ್ನಿಂದ ಆಗುತ್ತಿರಲಿಲ್ಲ.

ಇಬ್ಬರೂ ಹೋಗಿ ಬೆಲೆ ಕಟ್ಟಿಸೋಣ ಎಂದು ಕೊನೆಗೆ ನಾನೇ ಅಕ್ಕನನ್ನು ಕರೆದೆ. ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಳೇ ನಾಣ್ಯ ಬಲ್ಲ ಬೆಳ್ಳಿ ಅಂಗಡಿಯವರೊಬ್ಬರಿದ್ದರು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಅಕ್ಕ ಹಿಂದಿನ ಸೀಟಿನಲ್ಲಿ ಕೂತರು.

ಅಂಗಡಿಯವರು ತೂಗಿದರು, ಭೂತಗನ್ನಡಿ ಹಿಡಿದರು, ಬಾಗಿಲ ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿದರು. ತೂಕ ಅರ್ಧ ಗ್ರಾಂ ಕಡಿಮೆ ಬಂತು. ಇಸವಿಯ ಕೊನೆಯ ಅಂಕಿ ಅಳಿಸಿಹೋಗಿತ್ತು. ಇದು ರಾಣಿಯಲ್ಲ, ರಾಜ ಎಂದರು. ಕಿರೀಟ ನಾಣ್ಯದ ಹಿಂಬದಿಯಲ್ಲಿದೆ, ತಲೆಯ ಮೇಲಿಲ್ಲ, ಗಲ್ಲದಲ್ಲಿ ಗಡ್ಡದ ಗುರುತಿದೆ. ಅತ್ತೆ ಅಷ್ಟು ವರ್ಷ ಗಡ್ಡದ ರಾಜನಿಗೆ ಅರಿಸಿನ ಕುಂಕುಮ ಇಟ್ಟಿದ್ದರು. ನಗು ಬರಬೇಕಿತ್ತು, ಬರಲಿಲ್ಲ.

"ಬೆಳ್ಳಿ ರೇಟಷ್ಟೇ ಸಿಗತ್ತೆ. ಮುಖ ನೆಟ್ಟಗಿದ್ದಿದ್ರೆ ಒಂದಿಷ್ಟು ಜಾಸ್ತಿ ಬರ್ತಿತ್ತು. ಯಾರಮ್ಮ ಇದನ್ನ ಇಷ್ಟು ತಿಕ್ಕಿದ್ದು?"

ನಾನು. ಹದಿನಾಲ್ಕು ವರ್ಷ, ಶುಕ್ರವಾರದ ಪೂಜೆಗೆಂದು ಪ್ರತಿ ಗುರುವಾರ ಸಂಜೆ, ವಿಭೂತಿ ಹಾಕಿ ಹೆಬ್ಬೆರಳಲ್ಲಿ ತಿಕ್ಕಿದವಳು ನಾನು. ಒಂದು ಕಪ್ಪು ಚುಕ್ಕೆ ಉಳಿದರೂ ಅತ್ತೆ ವಾಪಸು ಕೊಡುತ್ತಿದ್ದರು. ಜ್ವರ ಬಂದಾಗಲೂ ತಿಕ್ಕಿದ್ದೇನೆ, ಏಳು ತಿಂಗಳ ಬಸುರಿಯಾಗಿದ್ದಾಗಲೂ ತಿಕ್ಕಿದ್ದೇನೆ. ನೀನೇ ಹಾಳು ಮಾಡಿದ್ದು ಎಂದು ಅಕ್ಕ ಅಂಗಡಿಯವರ ಎದುರೇ ಅಂದುಬಿಟ್ಟರು. ಇಟ್ಟುಕೊಂಡಿದ್ದಕ್ಕೆ ಕಳ್ಳಿ, ತೊಳೆದಿದ್ದಕ್ಕೆ ಮನೆಹಾಳಿ. ಜಗಳವಾಡುವುದಕ್ಕೂ ತ್ರಾಣ ಬೇಕು, ನನ್ನಲ್ಲಿ ಅದು ಉಳಿದಿರಲಿಲ್ಲ. ನಾಣ್ಯವನ್ನು ಅಕ್ಕನ ಅಂಗೈಗೆ ಹಾಕಿದೆ.

"ನೀವೇ ಇಟ್ಕೊಳ್ಳಿ ಅಕ್ಕ. ಇನ್ಮೇಲೆ ನೀವೇ ತೊಳೀರಿ."

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಅವರ ಫೋನು ಬಂತು. ನಾಣ್ಯ ಕಪ್ಪಾಗಿದೆಯಂತೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲವಂತೆ, ನಾನು ಏನು ಹಾಕುತ್ತಿದ್ದೆ ಎಂದು ಕೇಳಿದರು. ಮಾತಿನಲ್ಲಿ ಕೊಂಕಿರಲಿಲ್ಲ, ಸುಸ್ತಿತ್ತು. ಆ ಸುಸ್ತು ನನಗೆ ಚೆನ್ನಾಗಿ ಗೊತ್ತು.

"ತಿಕ್ಕಬೇಡಿ ಅಕ್ಕ," ಅಂದೆ. "ಹಾಗೇ ಇಡಿ, ಏನೂ ಆಗಲ್ಲ."

ಆ ಒಂದು ಮಾತನ್ನು ಹದಿನಾಲ್ಕು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.